ಬ್ರೂಕ್ಲಿನ್ನಿನ ಪೆನ್ಸಿಲ್ ಗುರುತುಗಳು

2022ರ ಆಗಸ್ಟಿನಲ್ಲಿ ಒಂದು ಬೇಸ್‌ಬಾಲ್ ಕಾರ್ಡು 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಟಾಪ್ಸ್ ಕಂಪನಿ 1952ರಲ್ಲಿ ಅಚ್ಚು ಹಾಕಿದ್ದ ಮಿಕಿ ಮ್ಯಾಂಟಲ್ ಎಂಬ ಆಟಗಾರನ ಚಿತ್ರದ ಕಾರ್ಡು ಅದು. ಅಂಗೈ ಅಗಲದ ಒಂದು ದಪ್ಪ ಕಾಗದ, ಅಷ್ಟೇ. ಅದರ ಮೂಲೆಗಳು ಇನ್ನೂ ಚೂಪಾಗಿದ್ದವು, ಬಣ್ಣ ಮಾಸಿರಲಿಲ್ಲ. ಅಷ್ಟು ಬೆಲೆ ಬಂದದ್ದು ಅದಕ್ಕೇ. ಅಂದರೆ ಎಪ್ಪತ್ತು ವರ್ಷ ಯಾವ ಹುಡುಗನೂ ಆ ಕಾರ್ಡನ್ನು ಚಡ್ಡಿ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿರಲಿಲ್ಲ. ಗೋಡೆಗೆ ಎಸೆದು ಗೆಳೆಯರ ಜೊತೆ ಆಡಿರಲಿಲ್ಲ. ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಟರ್ರ್ ಅಂತ ಸದ್ದು ಮಾಡಿಸಿರಲಿಲ್ಲ.

ನಾನು ಹುಡುಕಿಕೊಂಡು ಹೋಗುವುದು ಬೇರೆ ಥರದ ಸಾಮಾನು. ನನಗೆ ಬೇಕಾಗಿರುವುದು ಪಂದ್ಯ ನೋಡುತ್ತಾ ಯಾರೋ ಪೆನ್ಸಿಲಿನಲ್ಲಿ ಬರೆದು ತುಂಬಿಸಿದ ಹಳೇ ಸ್ಕೋರ್‌ಕಾರ್ಡ್. ಅದರಲ್ಲೂ ನ್ಯೂಯಾರ್ಕಿನ ಬ್ರೂಕ್ಲಿನ್ ಡಾಡ್ಜರ್ಸ್ ಬೇಸ್‌ಬಾಲ್ ತಂಡ ಎಬೆಟ್ಸ್ ಫೀಲ್ಡ್ ಮೈದಾನದಲ್ಲಿ ಆಡುತ್ತಿದ್ದ ಕಾಲದ್ದು. ಮಡಿಚಿದ ಗೆರೆ ಇರಬೇಕು. ಎಲ್ಲೋ ಒಂದು ಕಡೆ ಸಾಸಿವೆ ಸಾಸ್ ಕಲೆ ಇದ್ದರೂ ಪರವಾಗಿಲ್ಲ. ಪೆನ್ಸಿಲ್ ಗುರುತು ಮಾತ್ರ ಇರಲೇಬೇಕು.

ನಾನಿರುವುದು ಹಡ್ಸನ್ ನದಿಯ ಈ ದಡದಲ್ಲಿ, ಜರ್ಸಿ ಸಿಟಿಯಲ್ಲಿ. ನಮ್ಮ ಕನ್ನಡದವರು ಇಲ್ಲಿ ಸಾಕಷ್ಟು ಜನ ಇದ್ದಾರೆ. ಹೆಚ್ಚಿನವರಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಬೇಡ. ನೀನು ಬೇಸ್‌ಬಾಲ್ ಹಿಂದೆ ಯಾಕೆ ಬಿದ್ದೆ ಅಂತ ಕೇಳುತ್ತಾರೆ. ಆಟಕ್ಕಿಂತ ಮೊದಲು ನನ್ನನ್ನು ಹಿಡಿದದ್ದು ಸ್ಕೋರ್ ಬರೆಯುವ ರೀತಿ. ಆ ದಾರಿಯಲ್ಲಿ ಹಿಂದೆ ಹೋದರೆ ಸಿಗುವುದು ಕ್ರಿಕೆಟ್ಟೇ.

ಹೆನ್ರಿ ಚಾಡ್ವಿಕ್ ಅಂತ ಒಬ್ಬ ಪತ್ರಕರ್ತ ಇದ್ದ. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಬೆಳೆದದ್ದು ಬ್ರೂಕ್ಲಿನ್ನಿನಲ್ಲಿ. ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದ. 1856ರಲ್ಲಿ ಹೋಬೊಕೆನ್ ಊರಿನ ಎಲಿಸಿಯನ್ ಫೀಲ್ಡ್ಸ್‌ನಲ್ಲಿ ಕ್ರಿಕೆಟ್ ಪಂದ್ಯದ ವರದಿಗೆ ಹೋದವನು ಅಲ್ಲೇ ನಡೆಯುತ್ತಿದ್ದ ಬೇಸ್‌ಬಾಲ್ ನೋಡಿ ಅದಕ್ಕೆ ಮನಸೋತ. ಹೋಬೊಕೆನ್ ಅಂದರೆ ನಮ್ಮ ಪಕ್ಕದ ಊರು. ಕ್ರಿಕೆಟ್ಟಿನ ಸ್ಕೋರ್ ಪುಸ್ತಕ ಬಲ್ಲ ಅವನು ಈ ಹೊಸ ಆಟಕ್ಕೂ ಲೆಕ್ಕ ಬರೆಯುವ ಪದ್ಧತಿ ಬೆಳೆಸಿದ. ಪತ್ರಿಕೆಗಳಲ್ಲಿ ಇಂದಿಗೂ ಬರುವ ಬೇಸ್‌ಬಾಲ್ ಸ್ಕೋರ್ ಪಟ್ಟಿ ಅವನು ರೂಪಿಸಿದ್ದು. 1908ರಲ್ಲಿ ತೀರಿಕೊಂಡ. ಬ್ರೂಕ್ಲಿನ್ನಿನ ಗ್ರೀನ್‌ವುಡ್ ಸ್ಮಶಾನದಲ್ಲಿ ಅವನ ಸಮಾಧಿ ಇದೆ. ಅದರ ತುದಿಯಲ್ಲಿ ಕಲ್ಲಿನ ಬೇಸ್‌ಬಾಲ್ ಕೂರಿಸಿದ್ದಾರೆ.

ಸ್ಕೋರ್ ಬರೆಯುವುದು ಸುಲಭ. ಮೈದಾನದ ಒಂಬತ್ತು ಜಾಗಕ್ಕೂ ಒಂದೊಂದು ಅಂಕಿ. ಚೆಂಡು ಎಸೆಯುವ ಪಿಚರ್ 1, ಕ್ಯಾಚರ್ 2. ಬ್ಯಾಟ್ ಮಾಡಿದವನು ಓಡಿ ಮುಟ್ಟಬೇಕಾದ ಜಾಗಗಳೇ ಬೇಸು; ಆ ಮೂರು ಬೇಸುಗಳ ಬಳಿ ನಿಲ್ಲುವವರು 3, 4, 5. ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ದೂರದ ಮೂವರು ಫೀಲ್ಡರುಗಳು 7, 8, 9. ಚೆಂಡು ಯಾರ ಕೈಯಿಂದ ಯಾರ ಕೈಗೆ ಹೋಗಿ ಔಟ್ ಆಯಿತೋ ಆ ಅಂಕಿಗಳನ್ನು ಬರೆದರೆ ಆಯಿತು. ಒಂದು ಪುಟ್ಟ ಚೌಕದಲ್ಲಿ ಇಡೀ ಘಟನೆ ಕೂತುಬಿಡುತ್ತದೆ.

ಈಗ 1950ರ ಆಸುಪಾಸಿನ ಒಂದು ಡಾಡ್ಜರ್ಸ್ ಸ್ಕೋರ್‌ಕಾರ್ಡ್ ತೆಗೆಯಿರಿ. ಎದುರು ತಂಡದ ಸಾಲಿನಲ್ಲಿ 6-4-3 ಅಂತ ಇದೆ ಅಂದುಕೊಳ್ಳಿ. ಅಷ್ಟು ಸಾಕು. ಶಾರ್ಟ್‌ಸ್ಟಾಪ್ ಪೀ ವೀ ರೀಸ್ ಚೆಂಡು ಹಿಡಿದು ಎರಡನೇ ಬೇಸಿನಲ್ಲಿದ್ದ ಜಾಕಿ ರಾಬಿನ್ಸನ್‌ಗೆ ಕೊಟ್ಟ. ರಾಬಿನ್ಸನ್ ಅಲ್ಲಿಂದ ಮೊದಲ ಬೇಸಿನ ಗಿಲ್ ಹಾಡ್ಜಸ್‌ಗೆ ಎಸೆದ. ಒಂದೇ ಚೆಂಡಿಗೆ ಇಬ್ಬರು ಔಟ್. ಮೂರು ಅಂಕಿ ಓದುವಷ್ಟರಲ್ಲಿ ಮೂವರು ದೊಡ್ಡ ಆಟಗಾರರು ಕಣ್ಣ ಮುಂದೆ ಬಂದು ಹೋಗುತ್ತಾರೆ. ಇದನ್ನು ಬರೆದವನು ಆ ಹೊತ್ತಿಗೆ ಅಲ್ಲಿ ಕೂತಿದ್ದ. ಬೆಂಚಿನ ಮೇಲೆ, ಮೊಣಕಾಲ ಮೇಲೆ ಕಾರ್ಡಿಟ್ಟುಕೊಂಡು ಬರೆದ. ಸಂಭ್ರಮಕ್ಕೆ ಒತ್ತಿ ಬರೆದನೋ ಏನೋ, ಕೆಲವು ಕಾರ್ಡುಗಳಲ್ಲಿ ಅಂಕಿ ಹಿಂಬದಿಯ ಬಿಯರ್ ಜಾಹೀರಾತಿನವರೆಗೂ ಮೂಡಿರುತ್ತದೆ.

ಎಬೆಟ್ಸ್ ಫೀಲ್ಡ್ 1913ರಲ್ಲಿ ಶುರುವಾಯಿತು. ತಂಡದ ಮಾಲೀಕ ಚಾರ್ಲ್ಸ್ ಎಬೆಟ್ಸ್, ಪಿಗ್‌ಟೌನ್ ಅಂತ ಜನ ಕರೆಯುತ್ತಿದ್ದ ಬಡ ಕೇರಿಯ ಜಾಗವನ್ನು ಚೂರುಚೂರಾಗಿ ಕೊಂಡು ಅಲ್ಲಿ ಮೈದಾನ ಕಟ್ಟಿಸಿದ. ಸುತ್ತ ನಾಲ್ಕು ಬೀದಿ, ನಡುವೆ ಆಟ. ಹಿಡಿಸುತ್ತಿದ್ದದ್ದು ಸುಮಾರು 32,000 ಜನ. ಒಳಗೆ ಹೋಗುವ ದ್ವಾರದಲ್ಲಿ ಅಮೃತಶಿಲೆಯ ದೊಡ್ಡ ಗುಂಡು ಹಜಾರ. ನೆಲದ ಮೇಲೆ ಚೆಂಡಿನ ಹೊಲಿಗೆಯ ಚಿತ್ತಾರ, ಮೇಲೆ ಬ್ಯಾಟುಗಳ ಆಕಾರದ ತೂಗುದೀಪ. ಅಷ್ಟೆಲ್ಲ ಅಂದ ಮಾಡಿಸಿ, ಪತ್ರಕರ್ತರು ಕೂರುವ ಜಾಗ ಕಟ್ಟಿಸುವುದನ್ನೇ ಮರೆತಿದ್ದರಂತೆ.

ಬೀದಿಗಳ ನಡುವೆ ಇಕ್ಕಟ್ಟಾಗಿ ಕೂತ ಮೈದಾನ ಆದ್ದರಿಂದ ಬಲಗಡೆ ಜನ ಕೂರಲು ಜಾಗವೇ ಇರಲಿಲ್ಲ. ಎತ್ತರದ ಗೋಡೆ, ಅದರ ಮೇಲೆ ಜಾಲರಿ. ಆಚೆ ಬೆಡ್‌ಫರ್ಡ್ ಅವೆನ್ಯೂ. ಗೋಡೆ ದಾಟಿ ಬರುವ ಚೆಂಡಿಗಾಗಿ ಹುಡುಗರು ಆ ಬೀದಿಯಲ್ಲಿ ಕಾಯುತ್ತಿದ್ದರು. ಇನ್ನು ಕೆಲವರು ಗೇಟಿನ ಅಡಿಯ ಸಂದಿಯಲ್ಲಿ ಮಲಗಿ ಇಣುಕುತ್ತಿದ್ದರು. ಗೋಡೆಯ ಸ್ಕೋರ್‌ಬೋರ್ಡಿನ ಮೇಲೆ ಷೇಫರ್ ಬಿಯರ್ ಬೋರ್ಡು. ಅದೂ ಬ್ರೂಕ್ಲಿನ್ನಿನಲ್ಲೇ ತಯಾರಾಗುತ್ತಿದ್ದ ಬಿಯರ್. ಆಟಗಾರನ ಹೊಡೆತ ಹಿಟ್ ಆದರೆ, ಅಂದರೆ ಹೊಡೆದವನು ಔಟಾಗದೆ ಬೇಸ್ ಮುಟ್ಟಿದರೆ, ಆ ಹೆಸರಿನ ಎಚ್ ಅಕ್ಷರ ಬೆಳಗುತ್ತಿತ್ತು, ಫೀಲ್ಡರ್ ತಪ್ಪಿದರೆ ಇ ಅಕ್ಷರ. ಕಾರ್ಡಿನಲ್ಲಿ ಬರೆಯುವವರು ತಲೆ ಎತ್ತಿ ಅದನ್ನು ನೋಡಿಯೇ ಬರೆಯಬೇಕಿತ್ತು. ಅದರ ಕೆಳಗೆ ಏಬ್ ಸ್ಟಾರ್ಕ್ ಎಂಬ ಬಟ್ಟೆ ವ್ಯಾಪಾರಿಯ ಬೋರ್ಡು: ಇದಕ್ಕೆ ಚೆಂಡು ಹೊಡೆಯಿರಿ, ಒಂದು ಸೂಟ್ ಗೆಲ್ಲಿ. ಗೋಡೆ ಕಾಯುತ್ತಿದ್ದ ಡಾಡ್ಜರ್ಸ್ ಫೀಲ್ಡರ್ ಕಾರ್ಲ್ ಫ್ಯುರಿಲ್ಲೊ ದಾಟಿ ಆ ಬೋರ್ಡಿಗೆ ಹೊಡೆಯುವುದು ಸುಲಭ ಇರಲಿಲ್ಲ. ಆ ಬೋರ್ಡಿನಿಂದಲೇ ಊರಿಗೆಲ್ಲ ಪರಿಚಯವಾದ ಸ್ಟಾರ್ಕ್ ಮುಂದೆ ಇಡೀ ಬ್ರೂಕ್ಲಿನ್ನಿನ ಆಡಳಿತದ ಅಧ್ಯಕ್ಷನೂ ಆದ.

ಹಿಲ್ಡಾ ಚೆಸ್ಟರ್ ಎಂಬ ಹೆಂಗಸು ಹಸುವಿನ ಕೊರಳ ಗಂಟೆ ಹಿಡಿದು ಪಂದ್ಯಕ್ಕೆ ಬರುತ್ತಿದ್ದಳು. ಅವಳ ಗಂಟೆ, ಅವಳ ದನಿ ಎರಡೂ ಮೈದಾನಕ್ಕೆಲ್ಲ ಕೇಳುತ್ತಿತ್ತು. ಇನ್ನೊಂದು ಕಡೆ ಅಭಿಮಾನಿಗಳದ್ದೇ ಒಂದು ವಾದ್ಯದ ಗುಂಪು ಅಂಪೈರುಗಳನ್ನು ಗೋಳು ಹುಯ್ದುಕೊಳ್ಳುತ್ತಿತ್ತು. ಟಿಕೆಟ್ ಕೊಳ್ಳಲಾಗದವರಿಗೆ ರೇಡಿಯೊ. 1939ರಿಂದ ರೆಡ್ ಬಾರ್ಬರ್ ಅಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದ. ಬೇಸಿಗೆಯಲ್ಲಿ ಎಲ್ಲ ಮನೆಯ ಕಿಟಕಿಯೂ ತೆರೆದಿರುತ್ತಿತ್ತು. ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು ಹೋದರೂ ಒಂದು ಎಸೆತವೂ ತಪ್ಪುತ್ತಿರಲಿಲ್ಲ ಅಂತ ಆ ಕಾಲದವರು ಈಗಲೂ ನೆನೆಯುತ್ತಾರೆ. ಹಳೇ ಸ್ಕೋರ್‌ಕಾರ್ಡಿನ ಜೊತೆ ಒಮ್ಮೊಮ್ಮೆ ಸಾದಾ ಹಾಳೆಯಲ್ಲಿ ಗೆರೆ ಎಳೆದು ಬರೆದ ಸ್ಕೋರೂ ಸಿಗುತ್ತದೆ. ಯಾರೋ ಮನೆಯಲ್ಲೇ ಕೂತು, ರೇಡಿಯೊ ಕೇಳುತ್ತಾ ಬರೆದದ್ದು. ಅಂಥ ಹಾಳೆಗೆ ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲ. ನನಗೆ ಅದು ಸಿಕ್ಕರೆ ಹಬ್ಬ.

ಆಟಗಾರರೂ ಅದೇ ಊರಿನಲ್ಲಿ, ಅವರಿವರ ಪಕ್ಕದ ಮನೆಗಳಲ್ಲಿ ಇದ್ದರು. ರೀಸ್ ಮತ್ತೆ ಕೆಲವರು ಬೇ ರಿಜ್‌ನಿಂದ ಒಂದೇ ಕಾರಿನಲ್ಲಿ ಮೈದಾನಕ್ಕೆ ಬರುತ್ತಿದ್ದರು. ಹಾಡ್ಜಸ್ ಬ್ರೂಕ್ಲಿನ್ ಹುಡುಗಿಯನ್ನೇ ಮದುವೆಯಾಗಿ ಅಲ್ಲೇ ಮನೆ ಮಾಡಿದ. 1952ರ ವಿಶ್ವ ಸರಣಿಯಲ್ಲಿ, ಅಂದರೆ ಆ ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಪಂದ್ಯಗಳಲ್ಲಿ, ಅವನಿಗೆ 21 ಸಲ ಬ್ಯಾಟ್ ಹಿಡಿದರೂ ಒಂದು ಹಿಟ್ ಸಿಗಲಿಲ್ಲ. ಮುಂದಿನ ವರ್ಷದ ಶುರುವಿನಲ್ಲೂ ಅದೇ ಕಥೆ. ಜನ ಅವನಿಗೆ ಬೈಯಲಿಲ್ಲ. 1953ರ ಮೇ ತಿಂಗಳ ಒಂದು ಸೆಖೆಯ ಭಾನುವಾರ ಬ್ರೂಕ್ಲಿನ್ನಿನ ಚರ್ಚೊಂದರಲ್ಲಿ ಪಾದ್ರಿ, ಇವತ್ತು ಉಪದೇಶ ಬೇಡ, ಮನೆಗೆ ಹೋಗಿ ಹಾಡ್ಜಸ್‌ಗೋಸ್ಕರ ಪ್ರಾರ್ಥನೆ ಮಾಡಿ ಅಂತ ಹೇಳಿ ಕಳಿಸಿದರು. ಅವನ ಬ್ಯಾಟಿಗೆ ಮತ್ತೆ ಜೀವ ಬಂತು. ಆ ಬೇಸಿಗೆಯ ಕಾರ್ಡುಗಳಲ್ಲಿ ಹಾಡ್ಜಸ್ ಸಾಲನ್ನು ನಾನು ಯಾವಾಗಲೂ ಮೊದಲು ಓದುತ್ತೇನೆ.

ಈ ತಂಡ ಸೋಲುವುದರಲ್ಲೂ ಹೆಸರುವಾಸಿ. 1941, 1947, 1949, 1952, 1953, ಐದು ಸಲ ವಿಶ್ವ ಸರಣಿಗೆ ಹೋಗಿ ಐದು ಸಲವೂ ನ್ಯೂಯಾರ್ಕಿನದೇ ಇನ್ನೊಂದು ತಂಡ ಯಾಂಕೀಸ್‌ಗೆ ಸೋತರು. ಪ್ರತಿ ಸಲ ಜನ ಹೇಳುತ್ತಿದ್ದ ಮಾತು, ಬರುವ ವರ್ಷ ನೋಡೋಣ. ಆ ವರ್ಷ ಬಂದದ್ದು 1955ರ ಅಕ್ಟೋಬರ್ 4ರಂದು. ಯಾಂಕಿ ಸ್ಟೇಡಿಯಂ, ಏಳನೇ ಪಂದ್ಯ. 23 ವರ್ಷದ ಜಾನಿ ಪಾಡ್ರೆಸ್ ಎದುರಾಳಿಗೆ ಒಂದು ರನ್ನೂ ಬಿಟ್ಟುಕೊಡಲಿಲ್ಲ. ಬ್ರೂಕ್ಲಿನ್ 2-0ಯಿಂದ ಗೆದ್ದಿತು. ಎರಡೂ ರನ್ ತಂದುಕೊಟ್ಟವನು ಹಾಡ್ಜಸ್. ಆರನೇ ಇನ್ನಿಂಗ್ಸಿನಲ್ಲಿ ಇಬ್ಬರು ಯಾಂಕಿಗಳು ಬೇಸುಗಳ ಮೇಲಿದ್ದಾಗ ಯೋಗಿ ಬೆರಾ ಎಡ ಮೂಲೆಗೆ ಹೊಡೆದ. ಕ್ಯೂಬಾದ ಸ್ಯಾಂಡಿ ಅಮೊರೊಸ್ ಓಡೋಡಿ ಬಂದು ಕೈ ಚಾಚಿ ಹಿಡಿದ. ತಕ್ಷಣ ರೀಸ್‌ಗೆ ಎಸೆದ, ರೀಸ್ ಹಾಡ್ಜಸ್‌ಗೆ. ಇಲ್ಲೂ ಒಂದೇ ಚೆಂಡಿಗೆ ಇಬ್ಬರು ಔಟ್. 7-6-3. ಆ ದಿನದ ಯಾವುದೇ ಸ್ಕೋರ್‌ಕಾರ್ಡ್ ನೋಡಿ, ಆ ಚೌಕದಲ್ಲಿ ಬರಹ ಸ್ವಲ್ಪ ಸೊಟ್ಟಗೆ ಇದ್ದರೆ ನಾನು ಅಚ್ಚರಿಪಡುವುದಿಲ್ಲ.

ಗೆದ್ದ ಸುದ್ದಿ ಬರೆಯಲು ಮಾತ್ರ ಬ್ರೂಕ್ಲಿನ್ನಿನ ಸ್ವಂತ ಪತ್ರಿಕೆ ಬದುಕಿರಲಿಲ್ಲ. ತಲೆಮಾರುಗಳ ಕಾಲ ಊರಿನ ಸುದ್ದಿ ಕೊಟ್ಟ 'ಬ್ರೂಕ್ಲಿನ್ ಈಗಲ್' ಅದೇ ವರ್ಷದ ಜನವರಿಯಲ್ಲಿ, ಮುಷ್ಕರದ ನಡುವೆ, ನಿಂತುಹೋಗಿತ್ತು. ಮರುವರ್ಷ, 1956ರ ಅಕ್ಟೋಬರಿನಲ್ಲಿ, ಬ್ರೂಕ್ಲಿನ್ನಿನ ಕೊನೆಯ ಟ್ರಾಮುಗಳು ಓಡಾಟ ನಿಲ್ಲಿಸಿದವು. ಡಾಡ್ಜರ್ಸ್ ಅನ್ನುವ ಹೆಸರೇ ಟ್ರಾಮುಗಳಿಂದ ತಪ್ಪಿಸಿಕೊಂಡು ಓಡಾಡುವ ಬ್ರೂಕ್ಲಿನ್ ಜನರಿಂದ ಬಂದದ್ದು. ಅದರ ಮರುವರ್ಷ ತಂಡವೂ ಹೊರಟಿತು. ಪತ್ರಿಕೆ, ಟ್ರಾಮು, ತಂಡ. ಮೂರು ವರ್ಷದಲ್ಲಿ ಮೂರೂ ಹೋದವು. 1898ರವರೆಗೆ ಬ್ರೂಕ್ಲಿನ್ ತನ್ನದೇ ಆದ ನಗರವಾಗಿತ್ತು, ನ್ಯೂಯಾರ್ಕಿನ ಭಾಗ ಆಗಿರಲಿಲ್ಲ. ವಿಲೀನ ಆದಮೇಲೂ ನಾವೇ ಒಂದು ಊರು ಅಂತ ಹೇಳಿಕೊಳ್ಳಲು ಜನರ ಹತ್ತಿರ ಉಳಿದಿದ್ದದ್ದು ಇಂಥವೇ ಅಲ್ವಾ.

ತಂಡ ಹೋದದ್ದಕ್ಕೆ ಮಾಲೀಕ ವಾಲ್ಟರ್ ಓ'ಮ್ಯಾಲಿಯನ್ನು ಅಲ್ಲಿನವರು ಇನ್ನೂ ಕ್ಷಮಿಸಿಲ್ಲ. ನನಗೆ ಅದು ಒಬ್ಬನ ಮೇಲೆ ಹೊರಿಸುವ ತಪ್ಪು ಅನ್ನಿಸುವುದಿಲ್ಲ. ಮೈದಾನ ಹಳತಾಗಿತ್ತು. ಕಾರು ನಿಲ್ಲಿಸಲು ಕೆಲವೇ ನೂರು ಜಾಗ. ಮಧ್ಯಮ ವರ್ಗದ ಬಿಳಿಯ ಕುಟುಂಬಗಳು ಲಾಂಗ್ ಐಲೆಂಡಿನ ಹೊಸ ಬಡಾವಣೆಗಳಿಗೆ ಹೋಗುತ್ತಿದ್ದವು. ಮನೆಮನೆಗೆ ಟಿವಿ ಬಂದಿತ್ತು. ಅಟ್ಲಾಂಟಿಕ್ ಮತ್ತು ಫ್ಲ್ಯಾಟ್‌ಬುಶ್ ಅವೆನ್ಯೂ ಸೇರುವಲ್ಲಿ, ರೈಲುಗಳೆಲ್ಲ ಬಂದು ಕೂಡುವ ಜಾಗದಲ್ಲಿ, ಹೊಸ ಮೈದಾನ ಕಟ್ಟುತ್ತೇನೆ, ಜಾಗ ಒದಗಿಸಿಕೊಡಿ ಅಂತ ಓ'ಮ್ಯಾಲಿ ಕೇಳಿದ. ನಗರದ ಕಟ್ಟೋಣವನ್ನೆಲ್ಲ ಕೈಯಲ್ಲಿಟ್ಟುಕೊಂಡಿದ್ದ ರಾಬರ್ಟ್ ಮೋಸೆಸ್ ಒಪ್ಪಲಿಲ್ಲ. ಬೇಕಾದರೆ ಕ್ವೀನ್ಸ್‌ನಲ್ಲಿ ಜಾಗ ತಗೋ ಅಂದ. ಕ್ವೀನ್ಸ್‌ಗೆ ಹೋದರೆ ಅದು ಬ್ರೂಕ್ಲಿನ್ ತಂಡ ಹೇಗಾಗುತ್ತದೆ? ಕೊನೆಗೆ ಲಾಸ್ ಏಂಜಲೀಸ್. ಅವನು ಕೇಳಿದ್ದ ಜಾಗದ ಎದುರಿಗೇ ಈಗ ಬಾರ್‌ಕ್ಲೇಸ್ ಸೆಂಟರ್ ಎಂಬ ದೊಡ್ಡ ಕ್ರೀಡಾಂಗಣ ಇದೆ. 2012ರಲ್ಲಿ ತೆರೆಯಿತು.

ಈ ಕಥೆಯ ಒಂದು ತುಂಡು ನಮ್ಮ ಜರ್ಸಿ ಸಿಟಿಯಲ್ಲೂ ಇದೆ. ನಗರದ ಮೇಲೆ ಒತ್ತಡ ತರಲು ಓ'ಮ್ಯಾಲಿ 1956ರಲ್ಲಿ ಏಳು ಪಂದ್ಯ, 1957ರಲ್ಲಿ ಎಂಟು ಪಂದ್ಯಗಳನ್ನು ಇಲ್ಲಿನ ರೂಸ್‌ವೆಲ್ಟ್ ಸ್ಟೇಡಿಯಂನಲ್ಲಿ ಆಡಿಸಿದ. ಅದೇ ಮೈದಾನದಲ್ಲಿ 1946ರ ಏಪ್ರಿಲ್ 18ರಂದು ಜಾಕಿ ರಾಬಿನ್ಸನ್ ಡಾಡ್ಜರ್ಸ್‌ಗೆ ಸೇರಿದ ಕಿರಿಯ ತಂಡವಾದ ಮಾಂಟ್ರಿಯಲ್ ಪರವಾಗಿ ಮೊದಲ ಪಂದ್ಯ ಆಡಿದ್ದ. ಕಪ್ಪು ಜನರನ್ನು ಹೊರಗಿಟ್ಟಿದ್ದ ವ್ಯವಸ್ಥೆಯೊಳಗೆ ಅವನು ಇಟ್ಟ ಮೊದಲ ಹೆಜ್ಜೆ ಅದು. ನಾಲ್ಕು ಹಿಟ್, ಅದರಲ್ಲಿ ಒಂದು ಹೋಮ್ ರನ್, ಎದುರಾಳಿಗಳ ಕಣ್ಣು ತಪ್ಪಿಸಿ ಓಡಿ ಎರಡು ಬೇಸ್ ಕದ್ದ. ತಂಡ 14-1ರಿಂದ ಗೆದ್ದಿತು. ಮರುವರ್ಷ ಏಪ್ರಿಲ್ 15ಕ್ಕೆ ಎಬೆಟ್ಸ್ ಫೀಲ್ಡ್‌ನಲ್ಲಿ ಡಾಡ್ಜರ್ಸ್ ಅಂಗಿ ತೊಟ್ಟ. ರೂಸ್‌ವೆಲ್ಟ್ ಸ್ಟೇಡಿಯಂ 1985ರಲ್ಲಿ ನೆಲಸಮ ಆಯಿತು. ಈಗ ಅಲ್ಲಿ ಮನೆಗಳಿವೆ. ಆ ಹದಿನೈದು ಪಂದ್ಯಗಳಲ್ಲಿ ಯಾವುದಾದರೊಂದರ ಟಿಕೆಟ್ ತುಂಡು ಕಂಡರೆ ನನ್ನ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಆ ಕಾಲದ ಟಿಕೆಟ್ಟಿನ ಅರ್ಧ ಭಾಗವನ್ನು ಜನ ಎಸೆಯದೇ ಇಟ್ಟುಕೊಳ್ಳಲು ಒಂದು ಕಾರಣ ಇತ್ತು. ಮಳೆ ಬಂದು ಪಂದ್ಯ ನಿಂತರೆ ಅದೇ ತುಂಡು ತೋರಿಸಿ ಇನ್ನೊಂದು ದಿನ ಒಳಗೆ ಹೋಗಬಹುದಿತ್ತು. ಮಳೆ ಬಾರದ ದಿನದ ತುಂಡುಗಳು ಕೋಟಿನ ಜೇಬಿನಲ್ಲೇ ಉಳಿದವು.

ಎಬೆಟ್ಸ್ ಫೀಲ್ಡ್‌ನ ಕೊನೆಯ ಪಂದ್ಯ 1957ರ ಸೆಪ್ಟೆಂಬರ್ 24ರಂದು. ಬಂದಿದ್ದವರು 6,702 ಜನ. ಆರ್ಗನ್ ನುಡಿಸುತ್ತಿದ್ದ ಗ್ಲಾಡಿಸ್ ಗುಡಿಂಗ್ ಒಂದಾದ ಮೇಲೊಂದು ವಿದಾಯದ ಹಾಡುಗಳನ್ನೇ ನುಡಿಸಿದಳು. 1960ರ ಫೆಬ್ರುವರಿಯಲ್ಲಿ ಕೆಡವಲು ಬಂದ ಕಬ್ಬಿಣದ ಗುಂಡಿಗೆ ಬೇಸ್‌ಬಾಲಿನ ಹಾಗೆ ಬಿಳಿ ಬಣ್ಣ, ಕೆಂಪು ಹೊಲಿಗೆ ಬಳಿದಿದ್ದರು. ನನಗೆ ಆ ಫೋಟೊ ನೋಡಲು ಇಂದಿಗೂ ಆಗುವುದಿಲ್ಲ. ಅಲ್ಲೀಗ ಎತ್ತರದ ವಸತಿ ಕಟ್ಟಡಗಳಿವೆ. ಸಾವಿರಾರು ಜನರಿಗೆ ಸೂರಾಗಿದೆ, ಅದು ಸಣ್ಣ ಮಾತಲ್ಲ. ಮೈದಾನದ ಇಟ್ಟಿಗೆ, ಮರದ ಕುರ್ಚಿಗಳು ಈಗ ಸಂಗ್ರಹಕಾರರ ಮನೆ ಸೇರಿವೆ.

ಇನ್ನು ಆ ಮ್ಯಾಂಟಲ್ ಕಾರ್ಡಿನ ವಿಷಯ. ಅದರ ತವರು ಕೂಡ ಬ್ರೂಕ್ಲಿನ್ನೇ. ಟಾಪ್ಸ್ ಚೂಯಿಂಗ್ ಗಮ್ ಕಂಪನಿ ಆಗ ಸನ್‌ಸೆಟ್ ಪಾರ್ಕಿನ ಬುಶ್ ಟರ್ಮಿನಲ್ ಕಟ್ಟಡಗಳಲ್ಲಿತ್ತು. ಚಾಡ್ವಿಕ್‌ನ ಸಮಾಧಿಯಿರುವ ಸ್ಮಶಾನದಿಂದ ನಡೆದು ಹೋಗುವಷ್ಟು ದೂರ. ಕಂಪನಿಯ ಸೈ ಬರ್ಗರ್ 1952ರ ಕಾರ್ಡುಗಳನ್ನು ತನ್ನ ಬ್ರೂಕ್ಲಿನ್ ಮನೆಯ ಅಡುಗೆಮನೆ ಮೇಜಿನ ಮೇಲೆ ರೂಪಿಸಿದ. ಮ್ಯಾಂಟಲ್ ಇದ್ದ ಕೊನೆಯ ಕಂತು ಅಂಗಡಿಗೆ ಬರುವಷ್ಟರಲ್ಲಿ ಬೇಸ್‌ಬಾಲ್ ಋತು ಮುಗಿಯುತ್ತಾ ಬಂದಿತ್ತು. ಕಾರ್ಡು ಮಾರಾಟವಾಗಲಿಲ್ಲ. ವರ್ಷಗಟ್ಟಲೆ ಗೋದಾಮಿನಲ್ಲಿ ಕೊಳೆತವು. 1960ರಲ್ಲಿ ಬರ್ಗರ್ ಅವನ್ನು ದೋಣಿಗೆ ತುಂಬಿಸಿ ಸಮುದ್ರಕ್ಕೆ ಸುರಿಸಿಬಿಟ್ಟ. ಎಬೆಟ್ಸ್ ಫೀಲ್ಡ್ ಒಡೆದ ವರ್ಷವೂ ಅದೇ. ಮನೆಗಳಲ್ಲಿ ಉಳಿದಿದ್ದನ್ನು, ಮಕ್ಕಳು ಕಾಲೇಜಿಗೋ ಸೈನ್ಯಕ್ಕೋ ಹೋದಮೇಲೆ, ತಾಯಂದಿರು ಕಸಕ್ಕೆ ಹಾಕಿದರು. ಹಾಗಾಗಿ ಉಳಿದವಕ್ಕೆ ಈ ಬೆಲೆ. ನಮ್ಮಲ್ಲೂ ಎಂಬತ್ತರ ದಶಕದ ಕೊನೆಯಲ್ಲಿ ಬಬಲ್ ಗಮ್ ಜೊತೆ ಕ್ರಿಕೆಟ್ ಚೀಟಿ ಬರುತ್ತಿದ್ದವು, ನೆನಪಿದೆಯಾ? ನನ್ನವು ಎಲ್ಲಿ ಹೋದವು ಅಂತ ಅಮ್ಮನನ್ನು ಕೇಳಿದರೆ, "ಗುಜರಿಯವನಿಗೆ ಹಾಕಿದ್ದಾಯ್ತು ಕಣೋ" ಅನ್ನುತ್ತಾರೆ.

ಬೆಲೆ ಏರಿದಾಗ ಮೋಸವೂ ಬಂತು. 1909ರಿಂದ 1911ರವರೆಗೆ ಸಿಗರೇಟ್ ಪ್ಯಾಕಿನ ಜೊತೆ ಬಂದ ಕಾರ್ಡುಗಳಲ್ಲಿ ಹೋನಸ್ ವ್ಯಾಗ್ನರ್ ಎಂಬ ಆಟಗಾರನದು ತೀರಾ ಅಪರೂಪದ್ದು. ಅದರ ಅತ್ಯಂತ ಪ್ರಸಿದ್ಧ ಪ್ರತಿಯ ಅಂಚನ್ನು ಕತ್ತರಿಸಿ ಚೊಕ್ಕ ಮಾಡಿದ್ದೆ ಅಂತ ದೊಡ್ಡ ಹರಾಜುದಾರ ಬಿಲ್ ಮಾಸ್ಟ್ರೊ 2013ರಲ್ಲಿ ಒಪ್ಪಿಕೊಂಡ. ಬಳಸಿದ ಗುರುತು ಕಾಣಬಾರದು ಅನ್ನುವ ಹಠ ಎಲ್ಲಿಯವರೆಗೆ ಹೋಗುತ್ತದೆ ನೋಡಿ. ಆ ಸಿಗರೇಟ್ ಕಾರ್ಡುಗಳಲ್ಲಿ ನೂರಾರು ಆಟಗಾರರಿದ್ದಾರೆ. ಒಬ್ಬ ಕಪ್ಪು ಆಟಗಾರನೂ ಇಲ್ಲ.

ಹಳೇ ಊರನ್ನು ನೆನೆಯುವಾಗ ಇದನ್ನೂ ನೆನೆಯಬೇಕು. 1935ರಲ್ಲಿ ಎಬೆಟ್ಸ್ ಫೀಲ್ಡ್‌ನಲ್ಲೇ 'ಬ್ರೂಕ್ಲಿನ್ ಈಗಲ್ಸ್' ಎಂಬ ಕಪ್ಪು ಆಟಗಾರರ ತಂಡ ಆಡುತ್ತಿತ್ತು. ಒಂದೇ ವರ್ಷ. ಆಮೇಲೆ ಮಾಲೀಕ ದಂಪತಿ ಏಬ್ ಮತ್ತು ಎಫಾ ಮ್ಯಾನ್ಲಿ ಅದನ್ನು ನಮ್ಮ ನ್ಯೂವಾರ್ಕ್‌ಗೆ ತಂದರು. ಎಫಾ ಮ್ಯಾನ್ಲಿ ಬೇಸ್‌ಬಾಲಿನ ಹಾಲ್ ಆಫ್ ಫೇಮ್ ಸೇರಿದ ಮೊದಲ ಮಹಿಳೆ. ಈ ತಂಡಗಳ ಕಾರ್ಡನ್ನು ದೊಡ್ಡ ಗಮ್ ಕಂಪನಿಗಳು ಅಚ್ಚು ಹಾಕಲಿಲ್ಲ. ಪೋಸ್ಟರು, ಟಿಕೆಟ್ಟು, ಕಾರ್ಯಕ್ರಮದ ಹಾಳೆ ಉಳಿದಿರುವುದೂ ತೀರಾ ಕಡಿಮೆ. ಅದೇ ಮೈದಾನ, ಅದೇ ಬೀದಿ, ಆದರೆ ಅವರ ನೆನಪಿಗೆ ಹಿಡಿದು ನೋಡಲು ಕೈಗೆ ಹೆಚ್ಚೇನೂ ಸಿಗುವುದಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ನೆನಪೇ ಇಡೀ ಊರಿನ ನೆನಪು ಅಂದುಕೊಂಡರೆ ಇವರನ್ನು ಮತ್ತೊಮ್ಮೆ ಹೊರಗಿಟ್ಟ ಹಾಗೆ.

ಮಿಕ್ಕ ಕಾರ್ಡುಗಳು ಮಾತ್ರ ಹಳೇ ಸಾಮಾನಿನ ಸಂತೆಗಳಲ್ಲಿ ಇನ್ನೂ ಸಿಗುತ್ತವೆ. ಸಾಮಾನ್ಯ ಪಂದ್ಯದ ಸ್ಕೋರ್‌ಕಾರ್ಡ್ ಆದರೆ ಏನೂ ಬರೆಯದೇ ಇರುವುದಕ್ಕೆ ಜಾಸ್ತಿ ಬೆಲೆ. ಬರೆದದ್ದಕ್ಕೆ ಕಡಿಮೆ. ಅಂಗಡಿಯವರು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮುಂದಿಡುವುದು ಬರೆಯದ್ದನ್ನು. ಬರೆದದ್ದು ಮೇಜಿನ ಅಡಿಯ ರಟ್ಟಿನ ಪೆಟ್ಟಿಗೆಯಲ್ಲಿರುತ್ತದೆ. ಹೋದ ಬೇಸಿಗೆಯಲ್ಲಿ ಒಂದನ್ನು ಕೈಗೆತ್ತಿಕೊಂಡಾಗ ಅಂಗಡಿಯ ಮುದುಕರು, "ಅದರಲ್ಲಿ ಯಾರೋ ಗೀಚಿದ್ದಾರೆ, ಚೆನ್ನಾಗಿರೋದು ಇಲ್ಲಿದೆ ನೋಡಿ" ಅಂದರು. ಇದೇ ಬೇಕು ಅಂದೆ. ಒಳಗೆ ಎರಡು ಕೈಬರಹ ಇತ್ತು. ಮೊದಲ ಆರು ಇನ್ನಿಂಗ್ಸ್ ದೊಡ್ಡವರದ್ದು, ಬಿಗಿಯಾದ ಸಣ್ಣ ಅಂಕಿಗಳು. ಏಳನೆಯದರಿಂದ ಮಗುವಿನ ಬರಹ, ಚೌಕ ಮೀರಿ ಹೋಗುವ ದೊಡ್ಡ ಅಂಕಿಗಳು. ಒಂದು ಕಡೆ ತಪ್ಪಾಗಿ ಬರೆದ 5ನ್ನು ದೊಡ್ಡವರ ಕೈ ಹೊಡೆದು ಹಾಕಿ ಪಕ್ಕದಲ್ಲಿ 6 ಮಾಡಿದೆ. ಮುದುಕರು ಕನ್ನಡಕ ಏರಿಸಿ ಅದನ್ನು ಬಹಳ ಹೊತ್ತು ನೋಡಿದರು. ತಮ್ಮ ಅಪ್ಪನೂ ಹೀಗೇ ಕಲಿಸಿದ್ದು ಅಂದರು. ಆಮೇಲೆ ಆ ಪೆಟ್ಟಿಗೆಯನ್ನೇ ಮೇಜಿನ ಮೇಲೆ ಇಟ್ಟು, ಒಂದೊಂದೇ ತೆಗೆದು ಇಬ್ಬರೂ ಕೂತು ಓದಿದೆವು.